ಮೊದಲ ಸಲ ನೆಲ ನಡುಗಿದಾಗ...

ಕರ್ನಾಟಕದಿಂದ ದೆಹಲಿಗೆ ಕೆಲಸಕ್ಕೆ ಹೋದವರಿಗೆ ಮೊದಲ ಒಂದೆರಡು ವರ್ಷದಲ್ಲೇ ಮೂರು ಹೊಸ ಅನುಭವ ಆಗುತ್ತವೆ. ಮೂಳೆ ಕೊರೆಯುವ ಚಳಿ, ದೀಪಾವಳಿ ಹೊತ್ತಿಗೆ ಶುರುವಾಗೋ ಹೊಗೆ, ಮತ್ತೆ ಒಂದು ದಿನ ಹೇಳದೆ ಕೇಳದೆ ಕಾಲಡಿಯ ನೆಲ ಅಲ್ಲಾಡೋದು. ಮೊದಲ ಎರಡಕ್ಕೆ ಎಲ್ಲರೂ ತಯಾರಾಗಿಯೇ ಹೋಗಿರ್ತಾರೆ. ಅಮ್ಮ ಬ್ಯಾಗಿಗೆ ಸ್ವೆಟರ್ ತುರುಕಿರ್ತಾರೆ, ಆಫೀಸಿನ ಸೀನಿಯರ್‌ಗಳು ಯಾವ ಮಾಸ್ಕ್ ತಗೋಬೇಕು ಅಂತ ಹೇಳಿರ್ತಾರೆ. ಮೂರನೆಯದರ ಬಗ್ಗೆ ಮಾತ್ರ ಯಾರೂ ಏನೂ ಹೇಳಿರಲ್ಲ.

2025ರ ಫೆಬ್ರವರಿ 17, ಸೋಮವಾರ. ಬೆಳಗಿನ ಜಾವ 5 ಗಂಟೆ 36 ನಿಮಿಷ. ದೆಹಲಿಯ ಧೌಲಾ ಕುವಾನ್ ಪ್ರದೇಶದ ಅಡಿಯಲ್ಲಿ, ಬರೀ 5 ಕಿಲೋಮೀಟರ್ ಆಳದಲ್ಲಿ ಭೂಮಿ ಕದಲಿತು. ರಿಕ್ಟರ್ ಮಾಪಕದಲ್ಲಿ 4.0. ಲೆಕ್ಕದಲ್ಲಿ ಸಣ್ಣದೇ. ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಅವತ್ತು ದೆಹಲಿಯಲ್ಲಿ ಮಲಗಿದ್ದವರನ್ನು ಕೇಳಿ ನೋಡಿ, ಯಾರೂ ಅದನ್ನು ಸಣ್ಣದು ಅನ್ನೋದಿಲ್ಲ. 'ನೆಲದಡಿ ರೈಲು ಓಡಿದ ಹಾಗಾಯ್ತು', 'ಯಾರೋ ಮಂಚ ಹಿಡಿದು ಕುಲುಕಿದ ಹಾಗಾಯ್ತು' ಅಂತಲೇ ಶುರು ಮಾಡ್ತಾರೆ. ಸದ್ದು ಕೂಡ ಜೋರಾಗಿತ್ತು. ಪ್ರಧಾನಿಯೇ 'ಗಾಬರಿಯಾಗಬೇಡಿ, ಎಚ್ಚರವಾಗಿರಿ' ಅಂತ ಸಂದೇಶ ಹಾಕಬೇಕಾಯಿತು.

ಐದೂಮುಕ್ಕಾಲರ ಹೊತ್ತಿಗೆ ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿರೋ ಕನ್ನಡದ ಹುಡುಗ ಹುಡುಗಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: 'ನಿಂಗೂ ಆಯ್ತಾ?'

ಆ ಪ್ರಶ್ನೆಯಲ್ಲೇ ಮೊದಲ ಭೂಕಂಪದ ಕಥೆ ಮುಕ್ಕಾಲು ಪಾಲು ಇದೆ.

ತಲೆಸುತ್ತಾ? ಲಾರಿಯಾ? ಪಕ್ಕದ ಮನೆಯವರಾ?

ಮೊದಲ ಸಲ ಭೂಕಂಪ ಆದಾಗ 'ಇದು ಭೂಕಂಪ' ಅಂತ ತಲೆಗೆ ತಕ್ಷಣ ಹೊಳೆಯೋದೇ ಇಲ್ಲ. ಕೂತಿದ್ದವರಿಗೆ ತಲೆಸುತ್ತು ಬಂತು ಅನ್ನಿಸುತ್ತೆ. ಬೆಳಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ ಇರಬೇಕು. ಮಲಗಿದ್ದವರಿಗೆ ರೂಮ್‌ಮೇಟ್ ಮಂಚಕ್ಕೆ ಕಾಲು ತಾಗಿಸಿದ ಅನ್ನಿಸುತ್ತೆ. ಹೊರಗೆ ಭಾರಿ ಲಾರಿ ಹೋಯಿತೇನೋ, ಕೆಳಗೆ ಮೆಟ್ರೋ ಓಡಿತೇನೋ, ಮೇಲಿನ ಮನೆಯ ವಾಷಿಂಗ್ ಮೆಷಿನ್ ಸ್ಪಿನ್ ಆಗ್ತಿದೆಯೇನೋ. ತಲೆ ಒಂದರ ಹಿಂದೊಂದು ಕಾರಣ ಹುಡುಕುತ್ತಾ ಹೋಗುತ್ತೆ.

ಇದರಲ್ಲಿ ಪೆದ್ದುತನ ಏನೂ ಇಲ್ಲ. ಹುಟ್ಟಿದಾಗಿಂದ ನಾವು ಎಲ್ಲದರ ಮೇಲೂ ಅನುಮಾನ ಪಟ್ಟಿರ್ತೀವಿ, ನೆಲದ ಮೇಲೆ ಮಾತ್ರ ಪಟ್ಟಿರಲ್ಲ. ಮಗು ಅತ್ತಿತ್ತ ವಾಲಿ ಬಿದ್ದರೆ ಅದರ ಕಾಲು ಇನ್ನೂ ಗಟ್ಟಿಯಾಗಿಲ್ಲ ಅಂತೀವೇ ಹೊರತು ನೆಲ ಸರಿಯಿಲ್ಲ ಅಂತ ಯಾರೂ ಹೇಳಲ್ಲ. ಹಾಗಾಗಿ ನೆಲವೇ ಅಲುಗಾಡಿದಾಗಲೂ ಮನಸ್ಸು ತಪ್ಪನ್ನು ತನ್ನ ಮೇಲೋ, ಪಕ್ಕದವರ ಮೇಲೋ ಹಾಕುತ್ತೆ.

ದೆಹಲಿಯಲ್ಲಿ ಹಳಬರಾದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅನುಮಾನ ಬಂದ ತಕ್ಷಣ ಮೇಲೆ ನೋಡ್ತಾರೆ. ಸ್ವಿಚ್ ಆಫ್ ಆಗಿರೋ ಫ್ಯಾನ್ ತೂಗ್ತಿದ್ರೆ ಭೂಕಂಪ, ಇಲ್ಲದಿದ್ರೆ ತಲೆಸುತ್ತು. ಬಾಟಲಿಯ ನೀರು, ಗೋಡೆಗೆ ತಗುಲಿಹಾಕಿದ ಕ್ಯಾಲೆಂಡರ್, ಬಾಗಿಲಿಗೆ ನೇತುಹಾಕಿದ ಬ್ಯಾಗು, ಯಾವುದಾದರೂ ಸರಿ. ಹೊಸಬರಿಗೆ ಇದು ಗೊತ್ತಿರಲ್ಲ. ಅವರು ಪಕ್ಕದವರ ಮುಖ ನೋಡ್ತಾರೆ. ಪಕ್ಕದವರೂ ಹೊಸಬರಾಗಿದ್ರೆ ಇಬ್ಬರೂ ಮುಖ ಮುಖ ನೋಡ್ಕೊಳ್ಳೋದರಲ್ಲೇ ಮುಗಿದುಹೋಗುತ್ತೆ.

ಇಲ್ಲಿ ಪೋಲಾಗೋದು ಸೆಕೆಂಡುಗಳು. ಹತ್ತಿರದ ಸಣ್ಣ ಭೂಕಂಪದ ಅಲುಗಾಟ ಕೆಲವೇ ಸೆಕೆಂಡಿನದು. ದೊಡ್ಡದಾದರೆ ಅರ್ಧ ನಿಮಿಷ, ಒಂದು ನಿಮಿಷ, ಅದಕ್ಕೂ ಹೆಚ್ಚು ಹೊತ್ತು ಇರಬಹುದು. ಮೊದಲ ಐದಾರು ಸೆಕೆಂಡನ್ನು 'ಇದೇನು' ಅನ್ನೋದಕ್ಕೇ ಖರ್ಚು ಮಾಡಿದರೆ, 'ಈಗೇನು ಮಾಡಲಿ' ಅಂತ ಯೋಚಿಸೋಕೆ ಸಮಯವೇ ಇರಲ್ಲ. ಆ ಉತ್ತರ ಮೊದಲೇ ತಲೆಯಲ್ಲಿ ಇರಬೇಕು.

ಕುಲುಕಿದ್ದೋ, ತೂಗಿದ್ದೋ?

ಭೂಕಂಪ ಅನುಭವಿಸಿದ ಇಬ್ಬರನ್ನು ಕೇಳಿದರೆ ಎರಡು ಥರದ ಉತ್ತರ ಬರುತ್ತೆ. ಒಬ್ಬರು 'ಧಡ್ ಅಂತ ಕುಲುಕಿತು' ಅಂತಾರೆ. ಇನ್ನೊಬ್ಬರು 'ಉಯ್ಯಾಲೆ ಥರ ತೂಗಿತು' ಅಂತಾರೆ. ಇಬ್ಬರದೂ ನಿಜವೇ.

ಭೂಮಿಯೊಳಗೆ ಬಂಡೆ ಬಿರಿದು ಸರಿದಾಗ ಅಲ್ಲಿಂದ ಮುಖ್ಯವಾಗಿ ಎರಡು ಬಗೆಯ ಅಲೆಗಳು ಹೊರಡುತ್ತವೆ. 'ಪಿ' ಅಲೆ ಮುಂದೆ ಓಡುತ್ತೆ, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ. ಅದರ ಹಿಂದೆ ನಿಧಾನವಾಗಿ, ಸೆಕೆಂಡಿಗೆ ಮೂರೂವರೆ ಕಿಲೋಮೀಟರಿನಷ್ಟು ವೇಗದಲ್ಲಿ 'ಎಸ್' ಅಲೆ ಬರುತ್ತೆ. ಜೋರಾಗಿ ಅಲ್ಲಾಡಿಸೋದು ಈ ಎರಡನೆಯದೇ. ಮಿಂಚು ಮೊದಲು, ಗುಡುಗು ಆಮೇಲೆ ಅನ್ನೋ ಲೆಕ್ಕವೇ ಇಲ್ಲಿಯೂ. ದೂರ ಹೆಚ್ಚಾದಷ್ಟೂ ಎರಡರ ನಡುವಿನ ಅಂತರ ಹೆಚ್ಚು.

ಫೆಬ್ರವರಿಯ ಆ ಬೆಳಗ್ಗೆ ಭೂಕಂಪದ ಕೇಂದ್ರ ದೆಹಲಿಯವರ ಕಾಲಡಿಯಲ್ಲೇ ಇತ್ತು. ಎರಡೂ ಅಲೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಅದಕ್ಕೇ ಆ ಸದ್ದು, ಆ ಒಂದೇ ಏಟಿನ ಕುಲುಕು. ಅದಕ್ಕೆ ಒಂದೂಕಾಲು ವರ್ಷ ಹಿಂದೆ, 2023ರ ನವೆಂಬರ್ 3ರ ರಾತ್ರಿ ಹನ್ನೊಂದೂವರೆಗೆ ಆಗಿದ್ದು ಬೇರೆ ಥರದ್ದು. ನೇಪಾಳದ ಜಾಜರ್‌ಕೋಟ್‌ನಲ್ಲಿ 150ಕ್ಕೂ ಹೆಚ್ಚು ಜನರನ್ನು ಬಲಿ ತಗೊಂಡ ಭೂಕಂಪ ಅದು. ಸುಮಾರು 500 ಕಿಲೋಮೀಟರ್ ದೂರದ ನೋಯ್ಡಾ, ಗುರುಗ್ರಾಮದ ಎತ್ತರದ ಅಪಾರ್ಟ್‌ಮೆಂಟ್‌ಗಳಲ್ಲಿ ಇದ್ದವರಿಗೆ ಅದು ದೋಣಿಯಲ್ಲಿ ಕೂತ ಹಾಗೆ ನಿಧಾನದ ತೂಗಾಟ.

ದೂರದ ಭೂಕಂಪದ ಚುರುಕಿನ ಕಂಪನಗಳು ದಾರಿಯಲ್ಲೇ ಸೊರಗಿ ಹೋಗುತ್ತವೆ. ನಿಧಾನದ ಅಲೆಗಳು ಮಾತ್ರ ದೂರ ತಲುಪುತ್ತವೆ. ಎತ್ತರದ ಕಟ್ಟಡಗಳು ನಿಧಾನದ ಅಲೆಗೇ ಹೆಚ್ಚು ತೂಗೋದು. ಕೆಳಗಿನ ಮಹಡಿಯವರಿಗೆ ಗೊತ್ತೇ ಆಗದ್ದು ಇಪ್ಪತ್ತನೇ ಮಹಡಿಯವರ ನಿದ್ದೆ ಕೆಡಿಸೋದು ಹೀಗೆ. ಬೆಂಗಳೂರಿನವರಿಗೂ ಇದು ಪೂರ್ತಿ ಹೊಸದಲ್ಲ. 2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರಾ ಸಮುದ್ರದಲ್ಲಿ 8.6ರ ಭೂಕಂಪ ಆದಾಗ ಬೆಂಗಳೂರಿನ ಎಷ್ಟೋ ಆಫೀಸುಗಳಿಂದ ಜನ ಕೆಳಗಿಳಿದು ರಸ್ತೆಯಲ್ಲಿ ನಿಂತಿದ್ದರು.

ಇನ್ನೊಂದು ಲೆಕ್ಕ ತಲೆಯಲ್ಲಿ ಇಟ್ಕೊಳ್ಳಿ. ಮಾಪಕದಲ್ಲಿ ಒಂದು ಅಂಕಿ ಹೆಚ್ಚಾದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಎರಡು ಅಂಕಿ ಅಂದ್ರೆ ಸಾವಿರ ಪಟ್ಟು. ದೆಹಲಿಯವರನ್ನು ಮಂಚದಿಂದ ಎಬ್ಬಿಸಿದ 4.0ಕ್ಕೂ, 1993ರಲ್ಲಿ ಕಿಲ್ಲಾರಿಯನ್ನು ನೆಲಸಮ ಮಾಡಿದ 6.2ಕ್ಕೂ ನಡುವೆ ಇರೋದು ಎರಡು ಸಾವಿರ ಪಟ್ಟು ಅಂತರ. 'ನಾನು ಭೂಕಂಪ ನೋಡಿದೀನಿ, ಅಷ್ಟೇನಿಲ್ಲ ಬಿಡು' ಅನ್ನೋ ಮೊದಲು ಇದು ನೆನಪಿರಲಿ.

ಎಲ್ಲರೂ ನಿಂತಿದ್ದ ಜಾಗ

ಅವತ್ತು ದಕ್ಷಿಣ ದೆಹಲಿಯ ನಮ್ಮ ಗಲ್ಲಿಯಲ್ಲಿ ನಡೆದದ್ದನ್ನು ಹೇಳಬೇಕು. ಅಲುಗಾಟ ನಿಂತು ಐದು ನಿಮಿಷ ಆಗಿರಬಹುದು. ಶೂ ಹಾಕ್ಕೊಂಡು ಕೆಳಗಿಳಿದು ನೋಡಿದರೆ ಇಡೀ ಗಲ್ಲಿಯೇ ಹೊರಗಿತ್ತು. ರಜಾಯಿ ಹೊದ್ದ ಅಜ್ಜಿಯರು, ಮಗು ಎತ್ತಿಕೊಂಡವರು, ಬರಿಗಾಲಲ್ಲಿ ನಡುಗ್ತಿದ್ದ ಪಿಜಿ ಹುಡುಗರು. ಕೇರಳದ ಒಬ್ಬಳು ಹುಡುಗಿ ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಅದರ ಚಾರ್ಜರ್ ಹಿಡ್ಕೊಂಡು ನಿಂತಿದ್ದಳು. ಎಲ್ಲರ ಮುಖದಲ್ಲೂ 'ಅಬ್ಬಾ, ಪಾರಾದೆವು' ಅನ್ನೋ ನಿರಾಳ.

ಆ ಗಲ್ಲಿಯ ಅಗಲ ಹತ್ತು ಹನ್ನೆರಡು ಅಡಿ. ಎರಡೂ ಕಡೆ ನಾಲ್ಕು ಮಹಡಿಯ ಮನೆಗಳು. ಪ್ರತಿ ಮಹಡಿಯಲ್ಲೂ ಗೋಡೆಗೆ ಸಿಕ್ಕಿಸಿದ ಎಸಿ ಪೆಟ್ಟಿಗೆ, ಕೂಲರ್, ಹೂಕುಂಡ. ಎಲ್ಲಕ್ಕಿಂತ ಮೇಲೆ ಸಾಲಾಗಿ ಕಪ್ಪು ನೀರಿನ ಟ್ಯಾಂಕುಗಳು. ನಡುವೆ ಜೇಡರ ಬಲೆ ಥರ ಕರೆಂಟಿನ ತಂತಿ. ಕಟ್ಟಡದಿಂದ ಏನೇ ಕಳಚಿ ಬಿದ್ದರೂ ಅದು ಬೀಳೋದು ಸರಿಯಾಗಿ ಎಲ್ಲರೂ ನಿಂತಿದ್ದ ಜಾಗಕ್ಕೇ. ಎದುರು ಮನೆಯ ಪಂಜಾಬಿ ಆಂಟಿ ಒಬ್ಬರೇ 'ಪಾರ್ಕ್ ಮೇ ಚಲೋ, ಪಾರ್ಕ್ ಮೇ' ಅಂತ ಮೊಮ್ಮಗನ ಕೈ ಹಿಡ್ಕೊಂಡು ನಡೀತಾ ಇದ್ರು. ಅವರ ಹಿಂದೆ ಹೋದವರು ನಾಲ್ಕೈದು ಜನ.

ಇನ್ನೊಂದು ವಿಷಯ. ಎಲ್ಲರೂ ಕೆಳಗೆ ತಲುಪಿದ್ದು ಅಲುಗಾಟ ನಿಂತ ಮೇಲೆ. ಮೂರನೇ ಮಹಡಿಯಲ್ಲಿ ನಿದ್ದೆಯಿಂದ ಎದ್ದು, ಚಿಲಕ ತೆಗೆದು, ಕತ್ತಲಲ್ಲಿ ಮೆಟ್ಟಿಲಿಳಿದು ರಸ್ತೆಗೆ ಬರೋಕೆ ಒಂದು ನಿಮಿಷವಾದರೂ ಬೇಕು. ಆ ಭೂಕಂಪ ಇದ್ದದ್ದು ಕೆಲವೇ ಸೆಕೆಂಡು. ಅದು ನಿಜವಾಗಿಯೂ ದೊಡ್ಡದಾಗಿದ್ದಿದ್ದರೆ ಅಷ್ಟೂ ಜನ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಇರ್ತಿದ್ರು. ಮೆಟ್ಟಿಲು ಕಟ್ಟಡದ ಗಟ್ಟಿ ಭಾಗ ಅಲ್ಲ, ಜೋರು ಭೂಕಂಪದಲ್ಲಿ ಬೇಗ ಪೆಟ್ಟು ತಿನ್ನೋ ಭಾಗಗಳಲ್ಲಿ ಅದೂ ಒಂದು.

ಹಾಗಾದರೆ ಏನು ಮಾಡೋದು?

ಪ್ರಪಂಚದ ಎಲ್ಲಾ ಕಡೆ, ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಸೇರಿ, ಹೇಳೋದು ಮೂರೇ ಮಾತು: ಬಗ್ಗಿ, ಮರೆಯಾಗಿ, ಹಿಡ್ಕೊಳ್ಳಿ. ಮಂಡಿಯೂರಿ ಕೂತ್ಕೊಳ್ಳಿ. ಗಟ್ಟಿ ಮೇಜಿನ ಅಡಿ ಸೇರಿಕೊಳ್ಳಿ. ಮೇಜು ಜರುಗಿದರೆ ನೀವೂ ಜೊತೆಗೆ ಜರುಗೋ ಹಾಗೆ ಅದರ ಕಾಲು ಹಿಡ್ಕೊಳ್ಳಿ.

ನಮ್ಮ ಬಾಡಿಗೆ ರೂಮುಗಳಲ್ಲಿ ಗಟ್ಟಿ ಮೇಜು ಎಲ್ಲಿರುತ್ತೆ ಅಂತೀರಾ? ಸರಿ. ಮೇಜಿಲ್ಲದಿದ್ದರೆ ಕಿಟಕಿಯಿಂದ ದೂರ ಇರೋ ಒಳಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಲೆ ಮತ್ತೆ ಕುತ್ತಿಗೆಯನ್ನು ಎರಡೂ ಕೈಯಿಂದ ಮುಚ್ಚಿಕೊಳ್ಳಿ. ಮಲಗಿದ್ದರೆ ಏಳಬೇಡಿ. ಬೋರಲು ಮಲಗಿ ದಿಂಬನ್ನು ತಲೆಯ ಮೇಲೆ ಒತ್ತಿ ಹಿಡ್ಕೊಳ್ಳಿ. ಕತ್ತಲಲ್ಲಿ ಎದ್ದು ಓಡಿದವರಿಗೆ ಗಾಜು ಚುಚ್ಚೋದು, ಎಡವಿ ಬೀಳೋದೇ ಹೆಚ್ಚು.

ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲಿ ಅನ್ನೋದು ಹಳೇ ಮಾತು. ಮಣ್ಣಿನ ಇಟ್ಟಿಗೆಯ ಹಳೇ ಮನೆಗಳಲ್ಲಿ ಮರದ ಚೌಕಟ್ಟೊಂದೇ ಗಟ್ಟಿ ಇರ್ತಿದ್ದ ಕಾಲದ್ದು. ಈಗಿನ ಮನೆಗಳಲ್ಲಿ ಬಾಗಿಲು ಬೇರೆ ಜಾಗಕ್ಕಿಂತ ಗಟ್ಟಿಯೇನಲ್ಲ, ಮೇಲಾಗಿ ಬಾಗಿಲು ಬಡಿದು ಬೆರಳು ಜಜ್ಜಿಹೋಗೋ ಸಾಧ್ಯತೆ ಇರುತ್ತೆ.

ಲಿಫ್ಟ್ ಬೇಡವೇ ಬೇಡ. ಲಿಫ್ಟ್ ಒಳಗೇ ಇದ್ದರೆ ಎಲ್ಲಾ ಮಹಡಿಯ ಬಟನ್ ಒತ್ತಿ, ಮೊದಲು ಎಲ್ಲಿ ನಿಲ್ಲುತ್ತೋ ಅಲ್ಲಿ ಇಳಿದುಬಿಡಿ. ಕಾರು ಓಡಿಸ್ತಿದ್ದರೆ ಫ್ಲೈಓವರ್, ಮರ, ಕಂಬ ಇಲ್ಲದ ಕಡೆ ನಿಧಾನವಾಗಿ ನಿಲ್ಲಿಸಿ ಒಳಗೇ ಕೂತಿರಿ. ಹೊರಗೆ ಬಯಲಲ್ಲಿದ್ದರೆ ಅಲ್ಲೇ ಇರಿ, ಒಳಗೆ ಓಡಬೇಡಿ.

'ನಮ್ಮ ಬಿಲ್ಡಿಂಗೇ ಗಟ್ಟಿ ಇಲ್ಲ, ಒಳಗಿದ್ದು ಸಾಯ್ಲಾ?' ಅನ್ನೋ ಪ್ರಶ್ನೆ ಬಂದೇ ಬರುತ್ತೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಎರಡು ಉತ್ತರ ಇದೆ. ನೀವಿರೋದು ನೆಲಮಹಡಿಯಲ್ಲಿ, ಬಾಗಿಲು ಎರಡು ಹೆಜ್ಜೆ ದೂರದಲ್ಲಿದೆ, ಹೊರಗೆ ಬಯಲಿದೆ ಅಂದ್ರೆ ಹೊರಗೆ ಹೋಗೋದೇ ಸರಿ. ಕಲ್ಲು ಮಣ್ಣಿನ ಗೋಡೆ, ಮೇಲೆ ಭಾರದ ಮಾಳಿಗೆ ಇರೋ ಹಳ್ಳಿ ಮನೆಯಾದರಂತೂ ಹೊರಗೆ ಓಡಲೇಬೇಕು. ಎರಡನೇ ಮಹಡಿಯ ಮೇಲಿದ್ದರೆ ಆ ಸೆಕೆಂಡುಗಳಲ್ಲಿ ಹೊರಗೆ ತಲುಪೋಕೆ ಆಗೋದೇ ಇಲ್ಲ. ಅಲ್ಲಿ ಓಡೋದರಿಂದ ಅಪಾಯ ಹೆಚ್ಚೇ. ಕಟ್ಟಡದ ಬಗ್ಗೆ ಯೋಚಿಸಬೇಕಾದದ್ದು ಅಡ್ವಾನ್ಸ್ ಕೊಡೋ ದಿನ.

ಅಡ್ವಾನ್ಸ್ ಕೊಡೋ ಮೊದಲು

2010ರಲ್ಲಿ ಒಂದೂವರೆ ತಿಂಗಳ ಅಂತರದಲ್ಲಿ ಎರಡು ದೊಡ್ಡ ಭೂಕಂಪ ಆದವು. ಜನವರಿಯಲ್ಲಿ ಹೈಟಿಯಲ್ಲಿ 7.0, ಫೆಬ್ರವರಿಯಲ್ಲಿ ಚಿಲಿಯಲ್ಲಿ 8.8. ಶಕ್ತಿಯಲ್ಲಿ ಚಿಲಿಯದ್ದು ಸುಮಾರು 500 ಪಟ್ಟು ದೊಡ್ಡದು. ಸತ್ತವರು ಹೈಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು, ಚಿಲಿಯಲ್ಲಿ ಸುನಾಮಿಗೆ ಸಿಕ್ಕವರೂ ಸೇರಿ ಐನೂರರ ಆಸುಪಾಸು. ಹೈಟಿಯಲ್ಲಿ ಭೂಕಂಪದ ಕೇಂದ್ರ ರಾಜಧಾನಿಗೆ ತೀರಾ ಹತ್ತಿರ ಇತ್ತು ಅನ್ನೋದು ಒಂದು ಕಾರಣ. ದೊಡ್ಡ ಕಾರಣ ಕಟ್ಟಡಗಳು. ಚಿಲಿಯಲ್ಲಿ ಭೂಕಂಪಕ್ಕೆ ಲೆಕ್ಕ ಹಾಕಿ ಕಟ್ಟುವ ನಿಯಮವಿದೆ, ಅದನ್ನು ಪಾಲಿಸುವ ರೂಢಿಯೂ ಇದೆ.

ನಮ್ಮ ದೇಶದ್ದೇ ಉದಾಹರಣೆ ಬೇಕಿದ್ದರೆ 2001ರ ಜನವರಿ 26, ಗುಜರಾತಿನ ಭುಜ್ ಭೂಕಂಪ. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಹತ್ತಾರು ಅಪಾರ್ಟ್‌ಮೆಂಟ್‌ಗಳು ಕುಸಿದು 700ಕ್ಕೂ ಹೆಚ್ಚು ಜನ ಸತ್ತರು. ಬಿದ್ದ ಕಟ್ಟಡಗಳಲ್ಲಿ ಬಹಳಷ್ಟಕ್ಕೆ ಒಂದು ಸಾಮ್ಯ ಇತ್ತು. ಮೇಲಿನ ಮಹಡಿಗಳಲ್ಲಿ ತುಂಬಾ ಗೋಡೆಗಳು, ನೆಲಮಹಡಿ ಮಾತ್ರ ಪಾರ್ಕಿಂಗಿಗೆ ಅಂತ ಖಾಲಿ, ಬರೀ ಕಂಬಗಳು. ಮೇಲೆ ಭಾರ, ಕೆಳಗೆ ಬಡಕಲು ಕಾಲು. ನೆಲ ಅಲುಗಾಡಿದಾಗ ಇಡೀ ಬಾಗುವಿಕೆ ಆ ಕಂಬಗಳ ಮೇಲೇ ಬಿತ್ತು. ಎಂಜಿನಿಯರುಗಳು ಇದನ್ನು 'ಸಾಫ್ಟ್ ಸ್ಟೋರಿ' ಅಂತಾರೆ.

ಈಗ ನೀವಿರೋ ಬಿಲ್ಡಿಂಗನ್ನು ಒಮ್ಮೆ ನೆನಪಿಸಿಕೊಳ್ಳಿ. ದೆಹಲಿಯಾಗಲಿ ಬೆಂಗಳೂರಾಗಲಿ, ಮೂವತ್ತು ನಲವತ್ತು ಸೈಟಿನಲ್ಲಿ ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ನಾಲ್ಕು ಮಹಡಿ ಎಬ್ಬಿಸಿದ ಮನೆಗಳು ಎಷ್ಟಿವೆ!

ಪಾರ್ಕಿಂಗ್ ಇರೋದೆಲ್ಲಾ ಬಿದ್ದುಹೋಗುತ್ತೆ ಅಂತಲ್ಲ. ಕಂಬ ದಪ್ಪ ಮಾಡಿ, ಅಲ್ಲಲ್ಲಿ ಕಾಂಕ್ರೀಟ್ ಗೋಡೆ ಕೊಟ್ಟು, ಕಬ್ಬಿಣದ ರಿಂಗುಗಳನ್ನು ಹತ್ತಿರ ಹತ್ತಿರ ಕಟ್ಟಿದ್ದರೆ ಅದೂ ಗಟ್ಟಿಯಾಗಿ ನಿಲ್ಲುತ್ತೆ. ಆದ್ದರಿಂದ ಮನೆ ನೋಡೋಕೆ ಹೋದಾಗ ನೀರು ಎಷ್ಟು ಗಂಟೆಗೆ ಬಿಡ್ತಾರೆ ಅಂತ ಕೇಳೋ ಹಾಗೆ ಇದನ್ನೂ ಕೇಳಿ: ಕಟ್ಟಿದ್ದು ಯಾವ ವರ್ಷ? ನಕ್ಷೆ ಮಂಜೂರಾಗಿದ್ದು ಎಷ್ಟು ಮಹಡಿಗೆ, ಈಗ ಇರೋದು ಎಷ್ಟು? ಮೇಲಿನ ಮಹಡಿ ಆಮೇಲೆ ಏರಿಸಿದ್ದಾ? ಕಂಬಗಳಲ್ಲಿ ಬಿರುಕು, ತುಕ್ಕು ಹಿಡಿದು ಹೊರಬಂದ ಕಬ್ಬಿಣ ಕಾಣ್ತಿದೆಯಾ? ಅಪಾರ್ಟ್‌ಮೆಂಟ್ ಆದರೆ ಸ್ಟ್ರಕ್ಚರಲ್ ಆಡಿಟ್ ಆಗಿದೆಯಾ?

ಪಿಜಿಯಲ್ಲಿ ಇರೋರು ಇನ್ನೊಂದು ಕೇಳಬೇಕು. ರಾತ್ರಿ ಹತ್ತು ಹನ್ನೊಂದಕ್ಕೆ ಕೆಳಗಿನ ಗೇಟಿಗೆ ಬೀಗ ಜಡಿಯೋದು ದೆಹಲಿಯಲ್ಲೂ ಬೆಂಗಳೂರಲ್ಲೂ ರೂಢಿ. ಕೀಲಿ ಕೈ ಯಾರ ಹತ್ತಿರ ಇರುತ್ತೆ? ಅವರು ಮಲಗೋದು ಎಲ್ಲಿ? ಬೆಂಕಿ ಬಿದ್ದರೂ ಭೂಮಿ ನಡುಗಿದರೂ ಬೇಕಾಗೋ ಉತ್ತರ ಇದು.

'ನಮ್ಮ ಕಡೆ ಅದೆಲ್ಲ ಆಗಲ್ಲ'

ದಕ್ಷಿಣದವರು ಹೇಳೋ ಮಾತು ಇದು. ಪೂರ್ತಿ ಸುಳ್ಳಲ್ಲ. 2002ರಲ್ಲಿ ಬಂದ ನಾಲ್ಕು ವಲಯಗಳ ಭೂಕಂಪ ನಕ್ಷೆಯಲ್ಲಿ ಬೆಂಗಳೂರು, ಮೈಸೂರು ಕಡಿಮೆ ಅಪಾಯದ ಎರಡನೇ ವಲಯದಲ್ಲಿವೆ, ದೆಹಲಿ ನಾಲ್ಕನೆಯದರಲ್ಲಿ. ಆದರೆ ನಮ್ಮ ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ, ವಿಜಯಪುರ ಇರೋದು ಮೂರನೇ ವಲಯದಲ್ಲಿ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಕಡಿಮೆ ಅಪಾಯ ಅಂದ್ರೆ ಏನು ಅನ್ನೋದನ್ನು ಕಿಲ್ಲಾರಿ ಹೇಳುತ್ತೆ. ನಮ್ಮ ಕಲಬುರಗಿ, ಬೀದರ್ ಗಡಿಗೆ ಹತ್ತಿರದ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಊರು. ಆಗಿನ ನಕ್ಷೆಯಲ್ಲಿ ಅದು ಒಂದನೇ ವಲಯ, ಅಂದ್ರೆ ಎಲ್ಲಕ್ಕಿಂತ ಸುರಕ್ಷಿತ ಅಂತ ಲೆಕ್ಕ. 1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕು ಗಂಟೆಗೆ ಇನ್ನೇನು ನಾಲ್ಕು ನಿಮಿಷ ಇದೆ ಅನ್ನುವಾಗ 6.2ರ ಭೂಕಂಪ. ಗಣೇಶನನ್ನು ಬಿಟ್ಟು ಬಂದು ತಡವಾಗಿ ಮಲಗಿದ್ದ ಜನ. ದಪ್ಪ ಕಲ್ಲಿನ ಗೋಡೆ, ಮೇಲೆ ಅಡಿಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ಸುತ್ತಲಿನ ಹಳ್ಳಿಗಳೂ ಸೇರಿ ಎಂಟರಿಂದ ಹತ್ತು ಸಾವಿರ ಜನ ಸತ್ತರು. ಆಮೇಲೆ ನಕ್ಷೆಯಿಂದ ಒಂದನೇ ವಲಯ ಅನ್ನೋದನ್ನೇ ತೆಗೆದುಹಾಕಿದರು.

ಆ ನೆನಪು ಕಲಬುರಗಿ ಕಡೆ ಇನ್ನೂ ಹಸಿಯಾಗಿದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿನ ಸಪ್ಪಳ, ನಡುಕ ದಿನಾ ಅನ್ನೋ ಹಾಗಾಯಿತು. 11ನೇ ತಾರೀಕು ರಾತ್ರಿಯದ್ದು 4.1. ಜನ ಮನೆ ಬಿಟ್ಟು ಹೊರಗೆ ಮಲಗಿದರು, ಎಷ್ಟೋ ಕುಟುಂಬಗಳು ಊರು ಬಿಟ್ಟು ನೆಂಟರ ಮನೆ ಸೇರಿದವು. ಪಟ್ಟಣದವರಿಗೆ ಅದು ಅತಿ ಅನ್ನಿಸಬಹುದು. ಕಲ್ಲುಮಣ್ಣಿನ ಮನೆಯಲ್ಲಿ ಇರೋರಿಗೆ ಹೊರಗೆ ಮಲಗೋದು ಸರಿಯಾದ ಲೆಕ್ಕಾಚಾರವೇ. ವಿಜಯಪುರ ಜಿಲ್ಲೆಯಲ್ಲೂ ಆಗಾಗ ಸಣ್ಣ ಕಂಪನ ಆಗ್ತಾ ಇದೆ. 2022ರ ಮಳೆಗಾಲದಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆಯವರಿಗೂ ಇದರ ಪರಿಚಯ ಆಯಿತು.

ಕೈಯಲ್ಲಿರೋ ಫೋನು ಏನು ಮಾಡಬಲ್ಲದು?

ಇಷ್ಟು ಗಂಟೆಗೆ, ಇಂಥ ಊರಲ್ಲಿ ಭೂಕಂಪ ಆಗುತ್ತೆ ಅಂತ ಮೊದಲೇ ಹೇಳೋ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಪ್ರತಿ ಭೂಕಂಪದ ನಂತರವೂ 'ಇವತ್ತು ರಾತ್ರಿ ಇನ್ನೂ ದೊಡ್ಡದು ಬರುತ್ತೆ, ನಾಸಾ ಹೇಳಿದೆ' ಅಂತ ಫಾರ್ವರ್ಡ್ ಬರುತ್ತೆ. ನಿಮ್ಮ ಹತ್ತಿರ ಬಂದದ್ದು ನಿಮ್ಮಲ್ಲೇ ಸಾಯಲಿ. ಮರುಕಂಪನ ಆಗೋದು ನಿಜ. ಅದಕ್ಕೆ ಗಂಟೆ ಗೊತ್ತುಮಾಡೋದು ಸುಳ್ಳು.

ಮುನ್ಸೂಚನೆ ಬೇರೆ, ಎಚ್ಚರಿಕೆಯ ಗಂಟೆ ಬೇರೆ. ಭೂಕಂಪ ಶುರುವಾದ ಮೇಲೆ, ಮುಂದೆ ಓಡೋ 'ಪಿ' ಅಲೆಯನ್ನು ಯಂತ್ರಗಳು ಹಿಡಿದು, ಹಿಂದೆ ಬರೋ ಜೋರಿನ ಅಲೆ ತಲುಪೋ ಮೊದಲೇ ಫೋನಿಗೆ ಸಂದೇಶ ಕಳಿಸಬಹುದು. ಜಪಾನಿನಲ್ಲಿ 2007ರಿಂದ ಜನಸಾಮಾನ್ಯರಿಗೆ ಈ ವ್ಯವಸ್ಥೆ ಇದೆ. ಟೋಕಿಯೋಗೆ ಕೆಲಸಕ್ಕೆ ಹೋದ ನಮ್ಮವರಿಗೆ ಮೊದಲ ಭೂಕಂಪಕ್ಕಿಂತ ಮೊದಲು ಹೆದರಿಸೋದು ಆಫೀಸಿನಲ್ಲಿ ಎಲ್ಲರ ಫೋನೂ ಒಟ್ಟಿಗೇ ಕಿರುಚೋ ಆ ಶಬ್ದ. ನಮ್ಮಲ್ಲಿ ಉತ್ತರಾಖಂಡ 2021ರಲ್ಲಿ ಐಐಟಿ ರೂರ್ಕಿಯ ನೆರವಿನಿಂದ ಇಂಥದ್ದೊಂದು ಆ್ಯಪ್ ತಂದಿತು. ಆಂಡ್ರಾಯ್ಡ್ ಫೋನುಗಳಲ್ಲಿ 2023ರಿಂದ ಭಾರತದಲ್ಲೂ ಭೂಕಂಪದ ಎಚ್ಚರಿಕೆ ಬರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತು ವಿಭಾಗಕ್ಕೆ ಹೋಗಿ ಆನ್ ಇದೆಯಾ ನೋಡ್ಕೊಳ್ಳಿ. ಸಿಗೋದು ಕೆಲವೇ ಸೆಕೆಂಡು, ಕೇಂದ್ರ ತೀರಾ ಹತ್ತಿರವಾದರೆ ಅದೂ ಇಲ್ಲ. ಆದರೂ ಮೇಜಿನ ಅಡಿ ನುಗ್ಗೋಕೆ ಐದು ಸೆಕೆಂಡು ಸಾಕು.

ಆಗಿದ್ದು ನಿಜವಾ, ಎಷ್ಟಿತ್ತು ಅಂತ ಖಚಿತ ಮಾಡ್ಕೊಳ್ಳೋಕೆ ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ 'ಭೂಕಂಪ್' ಆ್ಯಪ್ ಇದೆ. 'ನಿಂಗೂ ಆಯ್ತಾ' ಅಂತ ಇಪ್ಪತ್ತು ಜನಕ್ಕೆ ಕೇಳೋ ಬದಲು ಅಲ್ಲಿ ನೋಡಿ.

ಆಮೇಲಿನ ನಡುಕ

ನೆಲ ನಿಂತ ಮೇಲೂ ಮೈ ನಿಲ್ಲೋದಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತಾಗ ಮತ್ತೆ ತೂಗಿದ ಹಾಗಾಗುತ್ತೆ. ಪಕ್ಕದವರು ಕಾಲು ಅಲ್ಲಾಡಿಸಿದರೂ ಎದೆ ಧಸಕ್ ಅನ್ನುತ್ತೆ. ಫ್ಯಾನ್ ನೋಡಿದರೆ ಅದು ನಿಂತೇ ಇರುತ್ತೆ. ಜಪಾನಿನವರು ಇದಕ್ಕೆ 'ಜಿಶಿನ್ ಯೋಯಿ' ಅಂತ ಹೆಸರೇ ಇಟ್ಟಿದ್ದಾರೆ, ಅಂದ್ರೆ ಭೂಕಂಪದ ಅಮಲು. ಕಿವಿಯೊಳಗಿನ ಸಮತೋಲನದ ವ್ಯವಸ್ಥೆ ಗಲಿಬಿಲಿಯಾಗಿ, ಅದರ ಜೊತೆ ಭಯವೂ ಸೇರಿ ಹೀಗಾಗುತ್ತೆ. ಕೆಲವು ದಿನ ರಾತ್ರಿ ನಿದ್ದೆ ಬರದೇ ಇರಬಹುದು, ಬಟ್ಟೆ ಹಾಕ್ಕೊಂಡೇ ಸ್ನಾನದ ಮನೆಯಿಂದ ಹೊರಬರೋಣ ಅನ್ನಿಸಬಹುದು. ನಾಚಿಕೆ ಪಡೋದೇನೂ ಬೇಡ. ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ. ವಾರಗಟ್ಟಲೆ ನಿದ್ದೆ ಕೆಟ್ಟರೆ ವೈದ್ಯರ ಹತ್ತಿರ ಮಾತಾಡಿ.

ಆ ಭಯ ಇಳಿಯೋ ಮೊದಲೇ ಅದರಿಂದ ಒಂದಿಷ್ಟು ಕೆಲಸ ಮಾಡಿಸ್ಕೊಂಡುಬಿಡೋದು ಜಾಣತನ. ಹತ್ತು ದಿನ ಕಳೆದರೆ ಎಲ್ಲಾ ಮರೆತು ಹೋಗುತ್ತೆ. ಬೀರು ಮೇಲೆ ಪೇರಿಸಿಟ್ಟ ಸೂಟ್‌ಕೇಸುಗಳನ್ನು ಕೆಳಗಿಳಿಸಿ. ತಲೆದಿಂಬಿನ ಮೇಲೆ ನೇತುಹಾಕಿದ ಕನ್ನಡಿ, ದೊಡ್ಡ ಫೋಟೋ ಬೇರೆ ಗೋಡೆಗೆ ಹೋಗಲಿ. ಬೀರುವನ್ನು ಗೋಡೆಗೆ ಒಂದು ಪಟ್ಟಿ ಹಾಕಿ ಬಿಗಿಸಿ, ಬಡಗಿಗೆ ಅರ್ಧ ಗಂಟೆಯ ಕೆಲಸ. ಮಂಚದ ಕೆಳಗೆ ಕೈಗೆ ಸಿಗೋ ಹಾಗೆ ಚಪ್ಪಲಿ, ಟಾರ್ಚ್ ಇರಲಿ. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡೋದು ಮನೆಯಲ್ಲಿ ಎಲ್ಲರಿಗೂ ಬರಲಿ. ಅಲುಗಾಟ ನಿಂತ ಮೇಲೆ ಯಾವ ಮೈದಾನಕ್ಕೆ ಹೋಗಬೇಕು, ಅಲ್ಲಿಗೆ ಹೋಗೋ ಅಗಲದ ದಾರಿ ಯಾವುದು ಅಂತ ಭಾನುವಾರ ಒಂದು ಸಲ ನಡೆದು ನೋಡಿ.

ಕೊನೆಯದಾಗಿ ಊರಿನವರ ವಿಷಯ. ದೆಹಲಿಯಲ್ಲಿ ನೆಲ ನಡುಗಿದ ಹತ್ತೇ ನಿಮಿಷಕ್ಕೆ ಹಾಸನದಲ್ಲೋ ಶಿರಸಿಯಲ್ಲೋ ಟಿವಿಯಲ್ಲಿ ಕೆಂಪು ಪಟ್ಟಿ ಓಡ್ತಾ ಇರುತ್ತೆ. ಅದನ್ನು ನೋಡಿ ಅಪ್ಪ ಅಮ್ಮ ಫೋನ್ ಮಾಡ್ತಾರೆ. ಎಲ್ಲರೂ ಒಟ್ಟಿಗೇ ಫೋನ್ ಮಾಡೋದರಿಂದ ಲೈನ್ ಸಿಗಲ್ಲ. ಸಿಗದಿದ್ದಷ್ಟೂ ಅವರ ಜೀವ ಬಾಯಿಗೆ ಬರುತ್ತೆ. ಅದಕ್ಕೇ ಮೊದಲೇ ಒಂದು ಮಾತು ಆಡಿಟ್ಟುಕೊಳ್ಳಿ: 'ಅಮ್ಮ, ಹಾಗೇನಾದ್ರೂ ಆದ್ರೆ ನಾನು ಮೊದಲು ಮೆಸೇಜ್ ಹಾಕ್ತೀನಿ, ಕಾಲ್ ಮಾಡ್ಬೇಡಿ. ಅಕ್ಕಂಗೆ ಹಾಕ್ತೀನಿ, ಅವಳು ನಿಮಗೆ ಹೇಳ್ತಾಳೆ.' ಕರೆ ಹೋಗದ ಕಡೆ ಎಷ್ಟೋ ಸಲ ಮೆಸೇಜ್ ಹೋಗುತ್ತೆ. 'ಚೆನ್ನಾಗಿದೀನಿ, ಹೊರಗೆ ಪಾರ್ಕಲ್ಲಿದೀನಿ' ಅನ್ನೋ ಒಂದು ಸಾಲು ಸಾಕು. ಈ ಮಾತು ಆಡೋಕೆ ಭೂಕಂಪ ಆಗಲಿ ಅಂತ ಕಾಯಬೇಕಾಗಿಲ್ಲ, ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗಲೇ ಆಡಬಹುದು.